ನನಗೆ ಸದ್ದು, ಷಡ್ಡಕನಿಗೆ ಚಿತ್ರ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಉಪದೇಶ ಮಾಡುವವರಿಗೆ ಷಡ್ಡಕ ಇರುವುದಿಲ್ಲ. ಇದ್ದರೂ ಅವನು ಬೇರೆ ಊರಿನಲ್ಲಿರುತ್ತಾನೆ. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ನನ್ನ ಊರಿನಲ್ಲೇ, ನನ್ನ ಕಚೇರಿಯಲ್ಲೇ, ನನ್ನ ಪಕ್ಕದ ಮೇಜಿನಲ್ಲೇ ಕೂತಿದ್ದಾನೆ. ಹತ್ತೊಂಬತ್ತು ವರ್ಷಗಳಿಂದ ನಾನು ಎಡಕ್ಕೆ ತಿರುಗಿದರೆ ಅವನ ಮುಖ, ಬಲಕ್ಕೆ ತಿರುಗಿದರೆ ಗೋಡೆ. ನಾನು ಹೆಚ್ಚಾಗಿ ಗೋಡೆಯನ್ನೇ ನೋಡುತ್ತಿರುತ್ತೇನೆ.

ನಮ್ಮದು ತೂಕ ಮತ್ತು ಅಳತೆ ಕಚೇರಿ. ಅಂಗಡಿಗಳ ತಕ್ಕಡಿ ಸರಿಯಿದೆಯೇ, ತೂಕದ ಬಟ್ಟುಗಳು ಸವೆದಿವೆಯೇ ಎಂದು ಇನ್‌ಸ್ಪೆಕ್ಟರುಗಳು ಪರೀಕ್ಷಿಸಿ ಬರುತ್ತಾರೆ. ಅವರು ಏನು ಪರೀಕ್ಷಿಸಿದರು ಎಂಬುದನ್ನು ಗುಮಾಸ್ತರಾದ ನಾವಿಬ್ಬರೂ ಬರೆದಿಡುತ್ತೇವೆ. ಇಷ್ಟು ವರ್ಷದಲ್ಲಿ ತೂಕದ ಬಟ್ಟಿನ ಬಗ್ಗೆ ನಾನು ಬರೆದ ಕಾಗದವನ್ನೆಲ್ಲ ತೂಗಿದರೆ ಒಂದು ಲಾರಿಯಾದೀತು. ಬಟ್ಟನ್ನು ಮಾತ್ರ ಒಂದು ದಿನವೂ ಮುಟ್ಟಿಲ್ಲ.

ಷಡ್ಡಕ ಫ್ರಿಜ್ ತಂದರೆ ನಾನು ಅದಕ್ಕಿಂತ ಒಂದು ಗೇಣು ಎತ್ತರದ್ದು ತಂದೆ. ನಾನು ಸೋಫಾ ತಂದರೆ ಅವನು ಬಿಡಿಸಿದರೆ ಮಂಚವಾಗುವ ಸೋಫಾ ತಂದ. ಈ ಪಂದ್ಯಕ್ಕೆ ತೀರ್ಪುಗಾರರು ನಮ್ಮ ಮಾವ. ಅವರು ಎರಡೂ ಮನೆಗೆ ಬಂದು ಎರಡನ್ನೂ ಸವರಿ ನೋಡಿ, "ಚಿಕ್ಕ ಅಳಿಯಂದಿರದು ಸ್ವಲ್ಪ ನಯವಾಗಿದೆ" ಎಂದು ಹೇಳಿ ಹೋಗುತ್ತಾರೆ. ಅವರು ಹೋದಮೇಲೆ ನನಗೆ ಎರಡು ದಿನ ಊಟ ಸೇರುವುದಿಲ್ಲ.

ಹೀಗಿರುವಾಗ ನಮ್ಮ ಸಾಹೇಬರ ಮೇಜಿನ ಮೇಲೆ ಒಂದು ಮ್ಯಾಕ್ ಕಂಪ್ಯೂಟರ್ ಬಂದು ಕೂತಿತು. ಬೆಳ್ಳಗೆ, ತೆಳ್ಳಗೆ ಇತ್ತು. ಕಡತ ಒಯ್ದವರೆಲ್ಲ ಅದನ್ನು ನೋಡುತ್ತ ಸಹಿ ಹಾಕಿಸಿಕೊಳ್ಳುವುದನ್ನೇ ಮರೆತು ಬರುತ್ತಿದ್ದರು. ಷಡ್ಡಕನೂ ನೋಡಿದ. ನೋಡಿ ಬಂದು ಒಂದು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ನನ್ನ ಕಿವಿಗೆ ಬಿದ್ದ ದಿನವೇ ನಾನು ನಿರ್ಧಾರ ಮಾಡಿದೆ. ಭಾನುವಾರ ಕಂಪ್ಯೂಟರ್ ರಿಪೇರಿಯವನ ಅಂಗಡಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಕ್ ಮನೆಗೆ ಬಂತು. ಮೂಲೆಯಲ್ಲಿ ಸ್ವಲ್ಪ ಚಪ್ಪಟೆಯಾಗಿತ್ತು. ಆ ಮೂಲೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆವು.

ನಾದಿನಿ ಮತ್ತು ಷಡ್ಡಕ ನೋಡಲು ಬಂದರು. ಷಡ್ಡಕ ಅರ್ಧ ಗಂಟೆ ಅದರ ಮುಂದೆ ಕೂತಿದ್ದ, ಮುಟ್ಟಲಿಲ್ಲ. ಕಾಫಿ ಆರಿಹೋಯಿತು. ಅವನ ಮುಖ ಸಣ್ಣಗಾದದ್ದನ್ನು ನೋಡಿ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅಂಥ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

"ಹಳೇ ವಿಂಡೋಸ್ ಕಂಪ್ಯೂಟರ್ ಏನ್ ಮಾಡ್ತೀರಿ ಭಾವ?" ಎಂದು ನಾದಿನಿ ಕೇಳಿದಳು.

"ತಗೊಂಡು ಹೋಗಮ್ಮ" ಎಂದೆ. "ನಮಗಿನ್ನು ಅದು ಯಾಕೆ? ನಿಮಗಾದರೂ ಉಪಯೋಗ ಆಗಲಿ."

ಈ ದಾನವನ್ನು ನಾನೇ ಎತ್ತಿಕೊಂಡು ಹೋಗಿ ಅವರ ಆಟೋದಲ್ಲಿ ಇಟ್ಟೆ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಳ್ಳುವುದು ಎಂದರೆ ಇದೇ. ಆದರೆ ಕಲ್ಲು ಬೀಳುವಾಗ ಯಾರಿಗೂ ಗೊತ್ತಾಗುವುದಿಲ್ಲ.

ಒಂಬತ್ತನೇ ದಿನ ಸುತ್ತೋಲೆ ಬಂತು. ಇನ್‌ಸ್ಪೆಕ್ಟರ್ ಹುದ್ದೆ ಒಂದು ಖಾಲಿಯಿದೆ; ಗುಮಾಸ್ತರಿಗೆ ಅವಕಾಶವಿದೆ. ತೂಕದ ಬಟ್ಟು ಹಿಡಿಯುವ ಹೊಸ ಕ್ರಮದ ಬಗ್ಗೆ ಇಲಾಖೆ ಹನ್ನೆರಡು ವಿಡಿಯೋ ಪಾಠ ಮಾಡಿದೆ. ಅವನ್ನು ಮನೆಯಲ್ಲೇ ನೋಡಿ ಮುಗಿಸಬೇಕು. ಮುಗಿಸಿದವರು ತಿಂಗಳ ಕೊನೆಗೆ ಸಾಹೇಬರ ಮುಂದೆ ಮಾಡಿ ತೋರಿಸಬೇಕು. ನಾನು ಇಷ್ಟು ಓದಿ ಕಣ್ಣು ಮುಚ್ಚಿ, ಇನ್‌ಸ್ಪೆಕ್ಟರಾಗಿ ಜೀಪಿನಲ್ಲಿ ಕೂತೆ. ಷಡ್ಡಕ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ.

"ಪಾಠಗಳು ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ಕೆಲಸ ಮಾಡುತ್ತವೆ." ಆಮೇಲೆ ನನ್ನ ಕಡೆ ತಿರುಗಿದ. "ಭಾವ, ನಿಮ್ಮದರಲ್ಲಿ ಓಡುತ್ತಾ?"

ಇಡೀ ವಿಭಾಗ ಪೆನ್ನು ಕೆಳಗಿಟ್ಟಿತು. ಟಪಾಲು ನೋಡಿಕೊಳ್ಳುವ ಅಮ್ಮಾವ್ರು ಮಾತ್ರ ಲಕೋಟೆಗೆ ಅಂಟು ಹಚ್ಚುತ್ತಲೇ ಇದ್ದರು. ಗೊತ್ತಿಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

"ಮ್ಯಾಕ್‌ನಲ್ಲಿ ಓಡದೇ ಇರೋದು ಯಾವುದಪ್ಪಾ ಇದೆ?" ಎಂದೆ. "ಇನ್ನೂ ಚೆನ್ನಾಗಿ ಓಡುತ್ತೆ. ಅದರಲ್ಲಿ ಬರೋ ವಿಡಿಯೋನೇ ಬೇರೆ."

"ಬೇರೆ ಅಂದ್ರೆ?"

"ನೋಡಿದವರಿಗೇ ಗೊತ್ತು" ಎಂದು ನಾನು ಗೋಡೆಯ ಕಡೆ ತಿರುಗಿದೆ.

ಸಂಜೆ ಮನೆಗೆ ಬಂದು ನೋಡಿದೆ. ನನ್ನ ಮ್ಯಾಕ್‌ನಲ್ಲಿ ಬಂದ ವಿಡಿಯೋ ನಿಜಕ್ಕೂ ಬೇರೆಯೇ ಆಗಿತ್ತು. ಅದೊಂದು ಕಪ್ಪು ಚೌಕ. ಚೌಕದ ಕೆಳಗೆ, ಈ ತಂತ್ರಾಂಶ ಹಾಕಿಕೊಳ್ಳಿ ಎಂಬ ಸೂಚನೆ. ಹಾಕಿಕೊಂಡೆ. ಅದನ್ನು ಒತ್ತಿದರೆ ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ನಲವತ್ತು ಸಲ ಒತ್ತಿದೆ.

"ಕಾಲಿಂಗ್ ಬೆಲ್ ಅಲ್ಲ ಕಣ್ರೀ ಅದು, ಒಳಗಿನಿಂದ ಯಾರೋ ಬಂದು ಬಾಗಿಲು ತೆಗೆಯೋದಕ್ಕೆ" ಎಂದಳು ನನ್ನ ಹೆಂಡತಿ.

ಊರಿನಲ್ಲಿ ಒಂದು ಸೈಬರ್ ಅಂಗಡಿಯಿದೆ. ಅಲ್ಲಿಗೆ ಹೋಗಿ ನೋಡಬಹುದಿತ್ತು. ಆದರೆ ಅದು ಷಡ್ಡಕನ ಮನೆಯ ಎದುರಿಗಿದೆ. ಆ ಮೆಟ್ಟಿಲು ಹತ್ತುವುದಕ್ಕಿಂತ ಗುಮಾಸ್ತನಾಗಿಯೇ ಸಾಯುವುದು ಮೇಲು ಎನ್ನಿಸಿತು. ರಿಪೇರಿಯವನನ್ನು ಕರೆಸಿದೆ.

ಅವನು ವೈದ್ಯರ ಹಾಗೆ ಮ್ಯಾಕ್‌ನ ಬೆನ್ನು ಮುಟ್ಟಿ ನೋಡಿ, "ಮೂರು ದಾರಿ ಇದೆ ಸಾರ್" ಎಂದ. "ಒಂದು, ಸುಳ್ಳು ಹೇಳಿಸೋದು."

"ಯಾರ ಕೈಲಿ?"

"ಇದರ ಕೈಲೇ. ವೆಬ್‌ಸೈಟು ನೀನು ಯಾರು ಅಂತ ಕೇಳುತ್ತೆ. ಇದು ಮ್ಯಾಕ್ ಅಂತ ನಿಜ ಹೇಳಿಬಿಡುತ್ತೆ. ಒಂದು ಕಡೆ ಬದಲಾಯಿಸಿದ್ರೆ ನಾನು ವಿಂಡೋಸ್ ಅನ್ನುತ್ತೆ. ಒಳಗೆ ಬಿಟ್ಕೊಳ್ತಾರೆ."

ನಾನು ಇಷ್ಟಪಟ್ಟು ತಂದ ಮ್ಯಾಕ್, ಷಡ್ಡಕನ ಮನೆಯಲ್ಲಿರುವ ನನ್ನದೇ ಹಳೇ ಡಬ್ಬಿಯ ವೇಷ ಹಾಕಬೇಕಾಯಿತು. ಇಲಾಖೆ ಅದನ್ನು ನಂಬಿತು. ನಮ್ಮ ಇಲಾಖೆ ಯಾರನ್ನು ಬೇಕಾದರೂ ನಂಬುತ್ತದೆ. ಆದರೂ ಚೌಕ ಕಪ್ಪಾಗಿಯೇ ಇತ್ತು. ಆಗ ರಿಪೇರಿಯವನು ಎರಡನೇ ದಾರಿ ಹಿಡಿದು, ವಿಡಿಯೋ ಓಡಿಸುವ ಇನ್ನೊಂದು ತಂತ್ರಾಂಶ ಹಾಕಿದ. ಕಪ್ಪು ಚೌಕದ ಒಳಗಿನಿಂದ ಒಬ್ಬ ಮೇಷ್ಟ್ರು ಕೆಮ್ಮಿದರು. ನಾವು ಮೂವರೂ ಕೈ ಕುಲುಕಿಕೊಂಡೆವು.

"ಚಿತ್ರ?" ಎಂದು ಹೆಂಡತಿ ಕೇಳಿದಳು.

"ಚಿತ್ರಕ್ಕೆ ಮೂರನೇ ದಾರಿ" ಎಂದ ಅವನು. "ಇದರ ಒಳಗೆ ಒಂದು ಪೂರ್ತಿ ವಿಂಡೋಸ್ ಕೂರಿಸ್ತೀನಿ. ಆದ್ರೆ ಜಾಗ ಕಡಿಮೆ ಇದೆ. ಸ್ವಲ್ಪ ನಿಧಾನ ಆಗಬಹುದು."

ಸ್ವಲ್ಪ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಅವನು ಕೂರಿಸಿ ಹೋದ. ಮ್ಯಾಕ್‌ನ ಒಳಗೆ ವಿಂಡೋಸ್ ಏಳುವುದಕ್ಕೆ ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಯಂತ್ರ ಬುಸುಗುಟ್ಟಿತು, ಕಾದಿತು. ಹೆಂಡತಿ ಅದರ ಮೇಲೆ ನನ್ನ ಕರವಸ್ತ್ರ ಹಾಸಿ ಇಸ್ತ್ರಿಯಾಗುತ್ತದೆಯೇ ಎಂದು ನೋಡಿದಳು, ಆಯಿತು. ಕೊನೆಗೆ ಮೂರನೇ ಪಾಠದ ನಡುವಿನಲ್ಲಿ ಪರದೆಯ ಮೇಲೆ ಮೇಷ್ಟ್ರು ಪ್ರತ್ಯಕ್ಷರಾದರು. ಒಂದೇ ಒಂದು ಚಿತ್ರ. ಅದು ಅಲುಗಲಿಲ್ಲ. ನಾನು ಅದನ್ನು ಕಾಗದದ ಮೇಲೆ ಬರೆದುಕೊಳ್ಳುವಷ್ಟರಲ್ಲಿ ಯಂತ್ರ ಆರಿಹೋಯಿತು. ಮತ್ತೆ ಎಷ್ಟು ಮಾಡಿದರೂ ಒಳಗಿನ ವಿಂಡೋಸ್ ಏಳಲಿಲ್ಲ.

ಚಿತ್ರದಲ್ಲಿ ಮೇಷ್ಟ್ರು ಒಂದು ಕೈಯಲ್ಲಿ ಚಿಮುಟ, ಚಿಮುಟದಲ್ಲಿ ಬಟ್ಟು ಹಿಡಿದು ನಿಂತಿದ್ದರು. ಎಡಗಾಲು ಹಿಂದಕ್ಕೆ ಎತ್ತಿತ್ತು. ಇನ್ನೊಂದು ಕೈ ತಲೆಯ ಮೇಲೆ ಚಾಚಿತ್ತು. ಮುಖ ಮೇಲಕ್ಕೆ, ಬಾಯಿ ತೆರೆದಿತ್ತು.

ಇನ್ನು ಉಳಿದದ್ದು ಸದ್ದು. ಹನ್ನೆರಡು ಪಾಠವನ್ನೂ ನಾನು ಕೇಳಿ ಮುಗಿಸಿದೆ. ಆ ಮೇಷ್ಟ್ರು ಒಳ್ಳೆಯವರು, ಆದರೆ ಎಲ್ಲವನ್ನೂ ತೋರಿಸಿಯೇ ಕಲಿಸುವ ಜಾತಿ. "ಬಟ್ಟನ್ನು ಹೀಗೆ ಹಿಡಿಯಬೇಕು" ಎನ್ನುತ್ತಿದ್ದರು. "ಹೀಗೆ ಹಿಡಿಯಬಾರದು. ಹೀಗೆ ಹಿಡಿದರೆ ಹೀಗಾಗುತ್ತದೆ. ನೋಡಿದಿರಲ್ಲ? ಉಸಿರು ಬಟ್ಟಿನ ಮೇಲೆ ಬೀಳಬಾರದು, ಮುಖ ಹೀಗೆ. ಈಗ ನೀವೂ ಹೀಗೆ ಮಾಡಿ." ಹನ್ನೆರಡು ಪಾಠದಲ್ಲಿ ಹೀಗೆ ಎಂಬುದು ನಾನೂರ ಹದಿನಾರು ಸಲ ಬಂತು. ಹೆಂಡತಿ ಗೀಟು ಹಾಕಿ ಎಣಿಸಿದಳು.

"ಒಂದು ಹೀಗೆ ನಮ್ಮ ಹತ್ರ ಇದೆಯಲ್ಲ" ಎಂದೆ ನಾನು, ಕಾಗದವನ್ನು ಗೋಡೆಗೆ ಅಂಟಿಸಿ. "ಉಸಿರು ಬೀಳಬಾರದು, ಅದಕ್ಕೇ ಮುಖ ಮೇಲೆ. ಮೈಯ ಭಾರ ಒಂದು ಕಡೆಗೆ ವಾಲಬಾರದು, ಅದಕ್ಕೇ ಕಾಲು ಹಿಂದೆ, ಕೈ ಮೇಲೆ. ಶಾಸ್ತ್ರೋಕ್ತವಾಗಿದೆ."

"ಬಾಯಿ ಯಾಕೆ ತೆರೆದಿದೆ?"

"ಪಾಠ ಹೇಳ್ತಿದ್ದಾರೆ, ಬಾಯಿ ತೆರೆಯದೇ ಮೂಗಿನಲ್ಲಿ ಹೇಳಬೇಕಾ?"

ದಿನಾ ಬೆಳಿಗ್ಗೆ ನಡುಮನೆಯಲ್ಲಿ ಅಭ್ಯಾಸ ಶುರುವಾಯಿತು. ಉಪ್ಪಿನ ಡಬ್ಬಿಯೇ ಬಟ್ಟು, ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳವೇ ಚಿಮುಟ. ಹೆಂಡತಿ "ಕಾಲು! ಕೈ! ಮುಖ!" ಎಂದು ಕೂಗುವಳು, ನಾನು ಎತ್ತುವೆನು. ಕೆಳಗಿನ ಮನೆಯವರು ಬಂದು, ಮನೆಯಲ್ಲಿ ಎಲ್ಲರೂ ಆರೋಗ್ಯವೇ ಎಂದು ಎರಡು ಸಲ ವಿಚಾರಿಸಿದರು.

ಮುಂದೆ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಆದರೂ ನಿಮಗೆ ಈಗಲೇ ಹೇಳಿಬಿಡುತ್ತೇನೆ. ನನಗೆ ಷಡ್ಡಕನ ಮೇಲೆ ಹೊಟ್ಟೆಕಿಚ್ಚು: ಅವನಿಗೆ ಚಿತ್ರ ಕಾಣುತ್ತಿದೆ, ಹೀಗೆ ಎಂದರೆ ಹೇಗೆ ಎಂದು ಅವನಿಗೆ ಗೊತ್ತು. ಷಡ್ಡಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು: ಅವನು ನೋಡುತ್ತಿರುವುದು ಬರೀ ವಿಂಡೋಸ್‌ನ ವಿಡಿಯೋ, ಮ್ಯಾಕ್‌ನಲ್ಲಿ ಬರುವುದು ಬೇರೆ. ಹಳೇ ಕಂಪ್ಯೂಟರಿನ ಮೌಸ್ ಕೆಟ್ಟಿದೆ ಎಂಬ ನೆಪ ಮಾಡಿಕೊಂಡು ಒಂದು ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದ. ಬಾಗಿಲು ಓರೆಯಾಗಿತ್ತು. ಒಳಗೆ ನಾನು ಒಂಟಿಕಾಲಿನಲ್ಲಿ ಉಪ್ಪಿನ ಡಬ್ಬಿ ಹಿಡಿದು ಸೂರು ನೋಡುತ್ತ ನಿಂತಿದ್ದೆ. ಅವನು ಐದು ನಿಮಿಷ ನೋಡಿ, ಬೆಲ್ ಒತ್ತದೆ ಹಿಂದಕ್ಕೆ ಹೋದ.

ಇದಾದ ಮೂರನೇ ದಿನ ನನಗೆ ತಡೆಯಲಾಗಲಿಲ್ಲ. "ನಿನ್ನ ತಂಗಿ ಮನೆಗೆ ಹೋಗಿ ಬಾ" ಎಂದು ಹೆಂಡತಿಗೆ ಹೇಳಿದೆ. "ಅವನು ಬಟ್ಟು ಹೇಗೆ ಹಿಡೀತಾನೆ ಅಂತ ಸುಮ್ಮನೆ ನೋಡಿಕೊಂಡು ಬಾ. ಕೇಳಬೇಡ."

ಅವಳು ಹೋದ ಆಟೋದಲ್ಲೇ ವಾಪಸ್ ಬಂದಳು. ಚಪ್ಪಲಿ ಬಿಡುವ ಮೊದಲೇ ಕೂಗಿದಳು. "ರೀ, ನೀವು ಹೇಳಿದ್ದೇ ಸರಿ! ಅವರೂ ಹಾಗೇ ಮಾಡ್ತಿದಾರೆ! ಕಾಲು ಹಿಂದೆ, ಕೈ ಮೇಲೆ, ಬಾಯಿ ಸಮೇತ!"

ನನ್ನ ಕಣ್ಣಲ್ಲಿ ನೀರು ಬಂತು. ಬರೀ ಸದ್ದು ಕೇಳಿ, ಒಂದೇ ಚಿತ್ರ ನೋಡಿ, ನಾನು ಶಾಸ್ತ್ರವನ್ನೇ ಕಂಡುಹಿಡಿದಿದ್ದೆ. ಆ ಸಂತೋಷ ಸರಿಯಾಗಿ ಎರಡು ನಿಮಿಷ ಇತ್ತು.

"ಒಂದು ಮಾತು ಹೇಳಲಾ?" ಎಂದಳು ಅವಳು. "ಅವರ ಕಾಲು ನಿಮಗಿಂತ ಮೇಲಕ್ಕೆ ಹೋಗುತ್ತೆ."

ಆ ವಾರವೆಲ್ಲ ನಾನು ಕಾಲಿಗೆ ಎಣ್ಣೆ ಹಚ್ಚಿದೆ.

ತಿಂಗಳ ಕೊನೆಯ ಶುಕ್ರವಾರ ಸಾಹೇಬರ ಕೋಣೆಯಲ್ಲಿ ಉದ್ದದ ಮೇಜು ಹಾಕಿದರು. ಗಾಜಿನ ಪೆಟ್ಟಿಗೆಯ ಒಳಗೆ ತಕ್ಕಡಿ, ಮಖಮಲ್ಲಿನ ಡಬ್ಬಿಯಲ್ಲಿ ಹಿತ್ತಾಳೆಯ ಬಟ್ಟುಗಳು, ಪಕ್ಕದಲ್ಲಿ ಚಿಮುಟ. ಪಾಠ ಮುಗಿಸಿದವರು ಮೂರೇ ಜನ: ನಾನು, ಷಡ್ಡಕ, ಟಪಾಲಿನ ಅಮ್ಮಾವ್ರು. ಉಳಿದವರು ಗೋಡೆಗೆ ಒರಗಿ ನಿಂತು ನೋಡಲು ಬಂದಿದ್ದರು. ಸಾಹೇಬರು ತಮ್ಮ ಮ್ಯಾಕ್‌ ಮುಚ್ಚಿ ಪಕ್ಕಕ್ಕೆ ಸರಿಸಿ, "ಹಿರಿಯರು ಮೊದಲು ಬನ್ನಿ" ಎಂದರು.

ನಾನು ಮೇಜಿನ ಮುಂದೆ ನಿಂತೆ. ಚಿಮುಟದಲ್ಲಿ ಬಟ್ಟನ್ನು ಹಿಡಿದೆ. ಎಡಗಾಲು ಹಿಂದಕ್ಕೆ ಎತ್ತಿದೆ, ಕೈ ತಲೆಯ ಮೇಲೆ ಚಾಚಿದೆ, ಸೂರಿನ ಕಡೆ ಮುಖ ಮಾಡಿ ಬಾಯಿ ತೆರೆದೆ. ಹಾಗೇ ಬಟ್ಟನ್ನು ತಟ್ಟೆಯಲ್ಲಿ ಇಡಲು ಹೋದೆ. ಮುಖ ಮೇಲಿದ್ದರೆ ತಟ್ಟೆ ಕಾಣುವುದಿಲ್ಲ ಎಂಬುದು ಆಗ ಹೊಳೆಯಿತು. ಅಷ್ಟರಲ್ಲಿ ಬಟ್ಟು ಟಣ್ ಎಂದು ಸಾಹೇಬರ ಟೀ ಕಪ್ಪಿಗೆ ಬಿತ್ತು.

ಗೋಡೆಯ ಪಕ್ಕ ಯಾರೋ ಕಿಸಕ್ಕೆಂದರು. ಸಾಹೇಬರು ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು.

"ಏನ್ರೀ ಇದು?"

"ಪಾಠದಲ್ಲಿದ್ದ ಹಾಗೇ ಸಾರ್. ನಮ್ಮನೇಲಿ ಮ್ಯಾಕ್ ಇದೆ, ಅದರಲ್ಲಿ ಸ್ಪಷ್ಟವಾಗಿ ಕಾಣುತ್ತೆ."

ಮ್ಯಾಕ್ ಎಂದ ತಕ್ಷಣ ಸಾಹೇಬರ ಮುಖದ ಬಣ್ಣ ಬದಲಾಯಿತು. ಅವರ ಕೈ ತಾನೇ ತಾನಾಗಿ ಪಕ್ಕದ ಯಂತ್ರದ ಮೇಲೆ ಹೋಯಿತು. ಆ ಕೈಯನ್ನು ನೋಡಿದ ಕ್ಷಣವೇ ನನಗೆ ಅರ್ಥವಾಯಿತು. ಅವರೂ ಕಪ್ಪು ಚೌಕವನ್ನೇ ನೋಡಿದ್ದರು! ಪಾಪ, ಅವರಿಗೆ ಸದ್ದೂ ಬಂದಿರಲಿಕ್ಕಿಲ್ಲ.

"ಮುಂದಿನವರು" ಎಂದರು ಅವರು ತಗ್ಗಿದ ದನಿಯಲ್ಲಿ.

ಷಡ್ಡಕ ಬಂದ. ಚಿಮುಟ ಹಿಡಿದ. ಕಾಲು ಹಿಂದಕ್ಕೆ ಎತ್ತಿದ. ಏನು ಕಾಲು ಅದು! ನೆಲಕ್ಕೆ ಸಮನಾಗಿ, ಕೋಲಿನ ಹಾಗೆ ನಿಂತಿತು. ಕೈ ಮೇಲೆ ಹೋಯಿತು, ಬಾಯಿ ತೆರೆಯಿತು. ಮನೆಯಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಿದ್ದನೋ ಏನೋ, ಬಟ್ಟು ತಟ್ಟೆಯ ನಡುಮಧ್ಯದಲ್ಲಿ ಸದ್ದಿಲ್ಲದೆ ಕೂತಿತು. ಗೋಡೆಗೆ ಒರಗಿದ್ದವರು ಚಪ್ಪಾಳೆ ತಟ್ಟಿದರು.

ಸಾಹೇಬರಿಗೆ ಜೀವ ಬಂತು. ಇಬ್ಬರು ಒಂದೇ ತರಹ ಮಾಡಿದ ಮೇಲೆ ಇನ್ನು ಅನುಮಾನಕ್ಕೆ ಎಡೆಯೆಲ್ಲಿ? "ಸರಿ" ಎಂದರು ಗಟ್ಟಿಯಾಗಿ. "ಇದೇ ಸರಿ. ನನ್ನ ಮ್ಯಾಕ್‌ನಲ್ಲೂ ಹೀಗೇ ಇದೆ. ನಾನು ಹನ್ನೆರಡೂ ನೋಡಿದೀನಿ."

ಆಮೇಲೆ ಟಪಾಲಿನ ಅಮ್ಮಾವ್ರು ಬಂದರು. ಕನ್ನಡಕ ಸರಿಮಾಡಿಕೊಂಡರು. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟು, ಎರಡು ಕಾಲಿನ ಮೇಲೂ ನಿಂತು, ಚಿಮುಟದಲ್ಲಿ ಬಟ್ಟನ್ನು ಎತ್ತಿ ತಟ್ಟೆಯಲ್ಲಿ ಇಟ್ಟರು. ಮುಳ್ಳು ನಿಲ್ಲುವವರೆಗೆ ಕಾದು, ಅಂಕಿ ಬರೆದುಕೊಂಡು, "ಆಯ್ತು ಸಾರ್" ಎಂದರು. ನಮಗೆಲ್ಲ ಬಹಳ ಸಪ್ಪೆ ಎನ್ನಿಸಿತು.

"ಕಾಲು ಎತ್ತಲೇ ಇಲ್ಲವಲ್ಲಮ್ಮ?" ಎಂದರು ಸಾಹೇಬರು.

"ಯಾಕೆ ಸಾರ್ ಎತ್ತಬೇಕು? ವಿಡಿಯೋದಲ್ಲಿ ಹೀಗೇ ಇದೆ. ಆ ಭಂಗಿನೂ ನೋಡಿದೀನಿ, ಮೂರನೇ ಪಾಠದಲ್ಲಿ. ಅಲ್ಲಿ ಮೇಷ್ಟ್ರು ವೈರು ಎಡವಿ ಬೀಳೋದಕ್ಕೆ ಹೋಗ್ತಾರೆ. ಅಯ್ಯೋ ಅಂತ ಕೂಗ್ತಾರೆ ಕೂಡ."

ಆ ಅಯ್ಯೋ ನನಗೂ ಕೇಳಿಸಿತ್ತು. ಅದು ಒತ್ತಿ ಹೇಳಿದ್ದು ಎಂದುಕೊಂಡಿದ್ದೆ.

ಸಾಹೇಬರು ಹನ್ನೆರಡೂ ನೋಡಿದ್ದೇನೆ ಎಂದು ಎಲ್ಲರ ಮುಂದೆ ಹೇಳಿ ಇನ್ನೂ ಎರಡು ನಿಮಿಷವಾಗಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿತ್ತು. ಅವರು ನುಂಗಿದರು.

"ನಿಮ್ಮದು ವಿಂಡೋಸ್ ಏನಮ್ಮ?"

"ಹೌದು ಸಾರ್."

"ಅದೇ ನೋಡಿ" ಎಂದರು ಸಾಹೇಬರು. "ಅದರಲ್ಲಿ ಎಡವಿದ ಹಾಗೆ ಕಾಣುತ್ತೆ. ಹೋಗಲಿ, ನೀವು ಟಪಾಲನ್ನ ಬಹಳ ಚೆನ್ನಾಗಿ ನೋಡ್ಕೋತಿದೀರ. ಮುಂದಿನ ಸಲ ನೋಡೋಣ."

ಅಮ್ಮಾವ್ರು ಸಾಹೇಬರನ್ನೂ, ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿದರು. "ಅಂಟು ಒಣಗುತ್ತೆ ಸಾರ್" ಎಂದು ಹೇಳಿ ಹೊರಟುಹೋದರು.

ಇನ್ನು ಉಳಿದವರು ನಾವಿಬ್ಬರು. ಸಾಹೇಬರು ಹೆಚ್ಚು ಯೋಚಿಸಲಿಲ್ಲ. "ವಿದ್ಯೆ ಇಬ್ಬರದೂ ಒಂದೇ. ಆದರೆ ಇವರ ಕಾಲು ನೇರವಾಗಿತ್ತು, ನಿಮ್ಮದು ನಡುಗ್ತಿತ್ತು. ಬಟ್ಟನ್ನು ಬೇರೆ ನನ್ನ ಟೀಯಲ್ಲಿ ಹಾಕಿದಿರಿ" ಎಂದು ನನಗೆ ಹೇಳಿ, ಇನ್‌ಸ್ಪೆಕ್ಟರ್ ಹುದ್ದೆಯನ್ನು ಷಡ್ಡಕನಿಗೆ ಕೊಟ್ಟರು.

ಓದುಗರೇ, ನನ್ನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ನನ್ನ ನಡುಮನೆಯಲ್ಲಿ, ನನ್ನ ಉಪ್ಪಿನ ಡಬ್ಬಿ ಹಿಡಿದು ನಾನು ಕಟ್ಟಿದ ವಿದ್ಯೆ ಅದು. ಅದನ್ನು ಕದ್ದು ನೋಡಿ ಕಲಿತವನು ಇನ್‌ಸ್ಪೆಕ್ಟರಾದ. ಅದು ನನ್ನದು ಎಂದು ಹೇಳಬೇಕಾದರೆ ಮೊದಲು ಅದು ತಪ್ಪು ಎಂದು ಹೇಳಬೇಕು. ಅದು ತಪ್ಪು ಎಂದು ಹೇಳಬೇಕಾದರೆ ನನಗೆ ಕಂಡದ್ದು ಕಪ್ಪು ಚೌಕ ಎಂದು ಹೇಳಬೇಕು. ನನಗೆ ಎರಡೂ ಬಾಯಿಗೆ ಬರಲಿಲ್ಲ.

ಮೆಟ್ಟಿಲಿನ ಹತ್ತಿರ ಷಡ್ಡಕ ನನ್ನ ಕೈ ಹಿಡಿದುಕೊಂಡ. ಬಾಗಿಲ ಸಂದಿಯಿಂದ ನೋಡಿದ್ದನ್ನೆಲ್ಲ ಒಪ್ಪಿಕೊಂಡ. "ಭಾವ, ಒಂದು ನಿಜ ಹೇಳಿ" ಎಂದ, ಪಿಸುದನಿಯಲ್ಲಿ. "ನನಗೆ ಕಂಡ ವಿಡಿಯೋದಲ್ಲೂ ಆ ಮೇಷ್ಟ್ರು ಎಡವಿದ ಹಾಗೇ ಇತ್ತು. ಉಳಿದ ಕಡೆಯೆಲ್ಲ ಅವರು ಸುಮ್ಮನೆ ನಿಂತೇ ಬಟ್ಟು ಇಡ್ತಾರೆ. ನಿಮ್ಮ ಮ್ಯಾಕ್‌ನಲ್ಲಿ ನಿಜವಾಗ್ಲೂ ಬೇರೆ ಬರುತ್ತಾ?"

ಒಂದೇ ಮಾತು ಸಾಕಿತ್ತು. ಅವನು ಅವತ್ತೇ ಸಾಹೇಬರ ಹತ್ತಿರ ಹೋಗಿ ಹುದ್ದೆ ಬಿಟ್ಟುಕೊಡುತ್ತಿದ್ದ, ಅಷ್ಟು ಪುಕ್ಕಲ. ಆದರೆ ಆಮೇಲೆ ಮಾವನವರು ಬರುತ್ತಾರೆ, ಮ್ಯಾಕ್ ಸವರಿ ನೋಡುತ್ತಾರೆ, ಇದರಲ್ಲಿ ವಿಡಿಯೋ ಬರುವುದಿಲ್ಲವಂತೆ ಎನ್ನುತ್ತಾರೆ.

"ಮ್ಯಾಕ್‌ನಲ್ಲಿ ಯಾರೂ ಎಡವೋದಿಲ್ಲಪ್ಪಾ" ಎಂದು ಹೇಳಿ ನಾನು ಮೆಟ್ಟಿಲು ಇಳಿದೆ.

ಈಗ ಅವನು ಜೀಪಿನಲ್ಲಿ ತಿರುಗುತ್ತಾನೆ. ಎರಡು ತಿಂಗಳಲ್ಲಿ ಊರಿನ ಅಂಗಡಿಯವರಿಗೆಲ್ಲ ಹೊಸ ಕ್ರಮ ಕಲಿಸಿದ್ದಾನೆ. ಮೊನ್ನೆ ಸಂಜೆ ನಾನು ಸಕ್ಕರೆ ತರಲು ಹೋಗಿದ್ದೆ. ಅಂಗಡಿಯವರು ಬಟ್ಟನ್ನು ಚಿಮುಟದಲ್ಲಿ ಹಿಡಿದು, ಎಡಗಾಲು ಹಿಂದಕ್ಕೆ ಎತ್ತಿ, ಕೈ ತಲೆಯ ಮೇಲೆ ಚಾಚಿ, ಸೂರಿಗೆ ಬಾಯಿ ತೆರೆದು ನಿಂತರು. ನನ್ನ ಹಿಂದೆ ಸಾಲಿನಲ್ಲಿದ್ದ ಏಳು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಹೊಸ ಇನ್‌ಸ್ಪೆಕ್ಟರು ಕಲಿಸಿದ್ದು ಸಾರ್" ಎಂದರು ಅಂಗಡಿಯವರು, ಸೂರು ನೋಡುತ್ತಲೇ. "ಎಂಥಾ ತಲೆ ಸಾರ್ ಅವರದು! ಇಂಥದ್ದು ಯಾರಿಗೆ ಹೊಳೆಯುತ್ತೆ ಹೇಳಿ?"

ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಕೈಯಲ್ಲಿದ್ದ ಖಾಲಿ ಚೀಲ ಕೆಳಗಿಟ್ಟು, ಕಟ್ಟೆ ಹತ್ತಿ ಒಳಗೆ ಹೋಗಿ, ಅವರ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದೆ.

"ಅವನಿಗೇನು ಗೊತ್ತು? ತಪ್ಪು ಕಲಿಸಿದಾನೆ" ಎಂದೆ. "ಮೊಣಕಾಲು ಇನ್ನೂ ಸ್ವಲ್ಪ ಬಗ್ಗಬೇಕು."